ಬದುವಿನಿಂದ ಅಳೆದ ಗೋಡೆ

ನನಗಾಗ ಐವತ್ತೇಳು ವರ್ಷ. ಅದಾಗಿ ಹದಿನೆಂಟು ವರ್ಷ ಕಳೆಯಿತು.

ಮೊನ್ನೆ ಎದುರು ಸಾಲಿನವರು ಹಳೇ ಬಚ್ಚಲಮನೆ ಒಡೆಸುತ್ತಿದ್ದರು. ವರ್ಷಗಟ್ಟಲೆ ನೀರು ಕುಡಿದ ಇಟ್ಟಿಗೆ ಒಡೆದಾಗ ಒಂದು ವಾಸನೆ ಬರುತ್ತದೆ. ಪಾಚಿ, ಸೀಗೆಪುಡಿ, ಹಸಿ ಸಿಮೆಂಟು ಎಲ್ಲ ಸೇರಿದ ವಾಸನೆ. ಅದು ರಸ್ತೆ ದಾಟಿ ನನ್ನ ಜಗಲಿಗೆ ಬಂತು. ಸುಲಿಯುತ್ತಿದ್ದ ಅವರೆಕಾಯಿ ಮಡಿಲಲ್ಲೇ ಉಳಿಯಿತು. ನಮ್ಮ ಸೆಕ್ರೆಟರಿ ನೆನಪಾದರು.

ಸೆಕ್ರೆಟರಿ ಎಂದರೆ ವಿಧಾನಸೌಧದಲ್ಲಿ ಕೂರುವವರಲ್ಲ. ಮಂಡ್ಯದ ಅಂಚಿನಲ್ಲಿರುವ ನಮ್ಮ ಬಡಾವಣೆಯ ಮನೆಯವರ ಸಂಘಕ್ಕೆ ಸೆಕ್ರೆಟರಿ. ಸಂಬಳವಿಲ್ಲ, ಆಫೀಸಿಲ್ಲ. ನೀರಿನ ಟ್ಯಾಂಕಿನ ಪಕ್ಕದ ಹೊಂಗೆಮರದ ಕೆಳಗೆ ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಉದ್ದನೆಯ ಪುಸ್ತಕ, ಒಂದು ಟೇಪು. ತಿಂಗಳಿಗೊಂದು ಭಾನುವಾರ ಅಲ್ಲಿ ಕಮಿಟಿ ಕೂರುತ್ತಿತ್ತು. ಯಾರಾದರೂ ಮನೆಗೆ ಒಂದು ಗೋಡೆ ಸೇರಿಸಬೇಕು, ಮಹಡಿ ಎತ್ತಬೇಕು, ಕಾಂಪೌಂಡು ಬದಲಾಯಿಸಬೇಕು ಎಂದರೆ ಮೊದಲು ಅಲ್ಲಿಗೆ ಅರ್ಜಿ ಕೊಡಬೇಕು. ಕಮಿಟಿಯವರು ಬಂದು ಅಳೆದು ಕಾಗದ ಕೊಟ್ಟ ಮೇಲೆ ನಗರಸಭೆಗೆ ಹೋಗಬೇಕು. ಕಾಗದವಿಲ್ಲದೆ ಮೇಸ್ತ್ರಿಯೂ ಕೈ ಹಾಕುತ್ತಿರಲಿಲ್ಲ.

ಕಮಿಟಿಗೆ ಒಬ್ಬ ಅಧ್ಯಕ್ಷರಿದ್ದರು. ನನ್ನ ಗಂಡನ ಕಡೆಯ ನೆಂಟರು, ನನಗೆ ಭಾವನ ವರಸೆ. ಹಾರ ಹಾಕಿಸಿಕೊಳ್ಳುವುದು, ಬಾವುಟ ಹಾರಿಸುವುದು ಅವರ ಕೆಲಸ. ಮಿಕ್ಕದ್ದೆಲ್ಲ ಸೆಕ್ರೆಟರಿಯದು.

ಅವರು ಅಳೆಯುವ ರೀತಿಯೇ ಬೇರೆ. ಟೇಪಿನ ಒಂದು ತುದಿ ತಮ್ಮ ಕೈಯಲ್ಲಿ, ಇನ್ನೊಂದು ತುದಿ ಪಕ್ಕದ ಮನೆಯವರ ಕೈಯಲ್ಲಿ. ಮನೆಯ ಯಜಮಾನನ ಕೈಗೆ ಟೇಪು ಕೊಡುತ್ತಿರಲಿಲ್ಲ. ಯಜಮಾನ ತನ್ನ ಕಡೆಗೆ ಎಳೆಯುತ್ತಾನೆ, ಪಕ್ಕದವನು ಎಳೆಯಲು ಬಿಡುವುದಿಲ್ಲ ಎನ್ನುವುದು ಅವರ ನಂಬಿಕೆ. ಎಷ್ಟು ಅಡಿ ಎಷ್ಟು ಅಂಗುಲ ಎಂದು ಎರಡು ಸಲ ಗಟ್ಟಿಯಾಗಿ ಕೂಗಿ, ಬೀದಿಗೆಲ್ಲ ಕೇಳಿಸಿದ ಮೇಲೆ ಬರೆಯುತ್ತಿದ್ದರು. ಗಡಿ ದಾಟಿ ಬಂದ ಗೋಡೆಗೆ ಕೆಂಪು ಬಣ್ಣದ ಗೆರೆ ಬೀಳುತ್ತಿತ್ತು. ಗೆರೆ ಬಿದ್ದದ್ದನ್ನು ಕೆಡವಿದರೆ ಕಾಗದ, ಇಲ್ಲವಾದರೆ ಇಲ್ಲ. ಅಳೆಯಲು ಹೋದ ಮನೆಯಲ್ಲಿ ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ.

ನಮ್ಮ ಸಾಲಿನಲ್ಲಿ ಒಬ್ಬರು ವಕೀಲರು ಮೆಟ್ಟಿಲನ್ನು ರಸ್ತೆಗೆ ಇಳಿಸಿದ್ದರು. ಕೇಳಲು ಹೋದಾಗ ದಪ್ಪನೆಯ ಕಾನೂನು ಪುಸ್ತಕ ತಂದು ಕೊಟ್ಟರಂತೆ. ಸೆಕ್ರೆಟರಿ ಕನ್ನಡಕ ಹಾಕಿಕೊಂಡು, ಜಗಲಿಯ ಮೇಲೆ ಕೂತು, ತೋರಿಸಿದ ಪುಟವನ್ನೆಲ್ಲ ಓದಿ ಮುಗಿಸಿ, "ಬೋ ಚೆನ್ನಾಗದೆ ಸಾ. ಮೆಟ್ಲು ಮಾತ್ರ ಒಳಕ್ ತಿರುಗ್ಸಿ" ಎಂದರಂತೆ. ವಕೀಲರು ಮೂರು ತಿಂಗಳು ಮಾತು ಬಿಟ್ಟರು. ಆಮೇಲೆ ಮೆಟ್ಟಿಲು ತಿರುಗಿಸಿದರು.

ನಾನೂ ಎಲ್ಲರ ಜೊತೆ ಈ ಕತೆ ಹೇಳಿ ನಗುತ್ತಿದ್ದೆ. ಆದರೆ ಒಳಗೆ ನಗು ಇರಲಿಲ್ಲ. ಅದಕ್ಕೆ ಎರಡು ಕಾರಣ. ಒಂದು, ಅವರು ಯಾರು ಎನ್ನುವುದು. ಇನ್ನೊಂದು, ನಾನು ಏನು ಮಾಡಿದ್ದೆ ಎನ್ನುವುದು.

ಬಡಾವಣೆ ಆಗುವ ಮುಂಚೆ ಇಲ್ಲಿ ಇದ್ದದ್ದು ಗದ್ದೆ. ನನ್ನ ಮಾವನ ಗದ್ದೆಯೂ ಅದರಲ್ಲೇ. ನಾಲೆಯ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ತೂಬು ತೆಗೆದು ಮುಚ್ಚುವವನನ್ನು ನೀರುಗಂಟಿ ಎನ್ನುತ್ತಾರೆ. ನಾನು ಆತಗೂರಿನ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ತೂಬಿಗೆ ನೀರುಗಂಟಿಯಾಗಿದ್ದವರು ಇದೇ ಸೆಕ್ರೆಟರಿ. ಇಪ್ಪತ್ತು ದಾಟಿದ ಪ್ರಾಯ, ಹೆಗಲ ಮೇಲೆ ಸನಿಕೆ, ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ. ಅವರದು ಊರಾಚೆಯ ಕೇರಿ. ನಮ್ಮತ್ತೆ ಬದುವಿನ ಮೇಲೆ ಎಲೆ ಹಾಕಿಸಿ ಮುದ್ದೆಯನ್ನು ಮೇಲಿನಿಂದ ಬಿಡುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ. ನಾನೂ ಹಾಗೇ ಕೊಟ್ಟಿದ್ದೇನೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಕೊಟ್ಟದ್ದು ನನ್ನ ಕೈ.

ಅವರು ಕೆಲಸದಲ್ಲಿದ್ದುಕೊಂಡೇ ಓದಿದರು, ಇಲಾಖೆಯಲ್ಲಿ ಮೇಲೆ ಹತ್ತಿದರು, ನಿವೃತ್ತರಾದರು. ಗದ್ದೆಗಳೆಲ್ಲ ಸೈಟುಗಳಾದಾಗ ಮೂರನೇ ಅಡ್ಡರಸ್ತೆಯಲ್ಲಿ ಒಂದು ಸೈಟು ಕೊಂಡು ಮನೆ ಕಟ್ಟಿ, ನಡುಮನೆಯಲ್ಲಿ ಬುದ್ಧನ ಪಟ ಹಾಕಿಕೊಂಡರು. ನಾವು ಜಮೀನು ಕೊಟ್ಟವರೆಂದು ನಮ್ಮ ಗದ್ದೆ ಇದ್ದ ಜಾಗದಲ್ಲೇ ನಮಗೂ ಒಂದು ಸೈಟು ಸಿಕ್ಕಿತು. ಗದ್ದೆಯವರೂ ಗದ್ದೆಗೆ ನೀರು ಬಿಡುತ್ತಿದ್ದವರೂ ಒಂದೇ ಬಡಾವಣೆಯವರಾದೆವು. ಎದುರು ಸಿಕ್ಕರೆ ಅವರು ನನ್ನನ್ನು ನೀವು ಎನ್ನುತ್ತಿದ್ದರು. ನಾನು ಅವರನ್ನು ಏನೂ ಅನ್ನದೆ ಮಾತು ಮುಗಿಸುತ್ತಿದ್ದೆ.

ಇನ್ನು ನಾನು ಮಾಡಿದ್ದು.

ಪಾಯ ತೆಗೆಯುವ ಮುಂಚೆಯೇ ನನ್ನ ಗಂಡ ತೀರಿಕೊಂಡಿದ್ದರು. ನಿಂತು ಮನೆ ಕಟ್ಟಿಸಿದವಳು ನಾನೇ. ಆಗಿನ್ನೂ ಸಂಘ ಹುಟ್ಟಿರಲಿಲ್ಲ, ಬಂದು ಅಳೆಯುವವರೂ ಇರಲಿಲ್ಲ. ಸೈಟಿನ ಗಡಿ ಯಾವುದಮ್ಮ ಎಂದು ಮೇಸ್ತ್ರಿ ಕೇಳಿದ. ಸೈಟಿನ ಮೂಲೆಮೂಲೆಗೆ ಕಲ್ಲು ನೆಟ್ಟಿರುತ್ತಾರೆ, ಅದನ್ನು ಹುಡುಕಿ ತೋರಿಸಬೇಕು. ನಾನು ಕಲ್ಲು ಹುಡುಕಲಿಲ್ಲ. ಮಗ್ಗುಲಲ್ಲಿ ನಮ್ಮ ಗದ್ದೆಯ ಹಳೇ ಬದು ಇನ್ನೂ ಉಳಿದಿತ್ತು. ಅದರ ಮೇಲೆ ಹತ್ತಿ ನಿಂತು, ಇದೇ ಕಣಪ್ಪ ಎಂದೆ. ಗದ್ದೆ ಮಾಡಿದವರ ತಲೆಯಲ್ಲಿ ಗಡಿ ಎಂದರೆ ಬದು. ಸರ್ಕಾರ ಎಲ್ಲಿ ಕಲ್ಲು ನೆಟ್ಟರೂ ನಮ್ಮ ಕಾಲು ಬದುವನ್ನೇ ಹುಡುಕುತ್ತದೆ. ಮೇಸ್ತ್ರಿ ಬದುವಿನ ಗುಂಟ ಗೋಡೆ ಎತ್ತಿದ. ಮುಂದೆ ಕೋಣೆ, ಮಧ್ಯೆ ಅಡುಗೆಮನೆ, ಹಿಂದೆ ಬಚ್ಚಲು.

ಮನೆ ಮುಗಿದ ಮೇಲೆ ಹಿತ್ತಲಲ್ಲಿ ಕಳೆ ಕೀಳುತ್ತಿದ್ದಾಗ ಕಲ್ಲು ಸಿಕ್ಕಿತು. ಬಚ್ಚಲ ಗೋಡೆಯ ಗೆರೆಗೆ ಕಣ್ಣಿಟ್ಟು ನೋಡಿದೆ. ಕಲ್ಲು ಒಂದೂವರೆ ಮೊಳ ಒಳಗಿತ್ತು. ಅಂದರೆ ಗೋಡೆ ಒಂದೂವರೆ ಮೊಳ ಹೊರಗೆ. ನಮ್ಮ ಮನೆಗೂ ಪಕ್ಕದ ಟೀಚರಮ್ಮನ ಮನೆಗೂ ನಡುವೆ ಮಳೆನೀರು ಹೋಗಲು ಒಂದು ಓಣಿ ಬಿಟ್ಟಿದ್ದಾರೆ. ಕೋಣೆ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಅದರೊಳಕ್ಕೆ ಕಟ್ಟಿಕೊಂಡು ಕೂತಿದ್ದೇನೆ ಎಂದುಕೊಂಡೆ.

ಗಡಿಕಲ್ಲು ಕೀಳುವುದು ನಮ್ಮಲ್ಲಿ ಮಹಾಪಾಪ. ಕಿತ್ತವರ ವಂಶ ನಿಲ್ಲುವುದಿಲ್ಲ ಎನ್ನುತ್ತಾರೆ. ಅದಕ್ಕೆ ನಾನು ಕೀಳಲಿಲ್ಲ. ಎರಡು ಮಂಕರಿ ಮಣ್ಣು ಹಾಕಿ ಮುಚ್ಚಿ, ಮೇಲೆ ಒಂದು ಕಾಕಡದ ಗಿಡ ನೆಟ್ಟೆ. ಕೀಳದೆ ಮುಚ್ಚಿದರೆ ಪಾಪವಿಲ್ಲ ಎಂದು ಯಾವ ದೇವರು ನನಗೆ ಹೇಳಿದ್ದನೋ ಕಾಣೆ.

ಹನ್ನೊಂದು ವರ್ಷ ಹಾಗೇ ಬದುಕಿದೆ. ಸೆಕ್ರೆಟರಿ ಬೆಳಿಗ್ಗೆ ಆರಕ್ಕೆ ಬಡಾವಣೆ ಸುತ್ತುತ್ತಿದ್ದರು. ಜುಬ್ಬದ ಜೇಬಿನಲ್ಲಿ ಟೇಪು ಉಬ್ಬಿರುತ್ತಿತ್ತು. ಅವರ ಚಪ್ಪಲಿಯ ಸದ್ದು ಕೇಳಿದರೆ ನಾನು ಹಿಂದಿನ ಬಾಗಿಲು ಹಾಕುತ್ತಿದ್ದೆ. ಏನನ್ನೂ ಬದಲಾಯಿಸಲು ಹೋಗಲಿಲ್ಲ. ಬದಲಾಯಿಸಬೇಕು ಎಂದರೆ ಅರ್ಜಿ, ಅರ್ಜಿ ಎಂದರೆ ಟೇಪು. ಅಡುಗೆಮನೆಯ ಕಿಟಕಿ ಗೆದ್ದಲು ಹಿಡಿದು ಉದುರಿತು. ಹೊಸದು ಹಾಕಿಸದೆ ರಟ್ಟು ಅಡ್ಡ ಕಟ್ಟಿದೆ. ಗಾಳಿ ಬಂದಾಗ ಆ ರಟ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು...

ಹೀಗಿರುವಾಗ ನನ್ನ ಮಗಳ ವಿಷಯ ಬಂತು. ಅವಳು ಭಾರತೀನಗರದ ಒಂದು ಕಾಲೇಜಿನಲ್ಲಿ ಗುಮಾಸ್ತೆ. ಎರಡು ಹೆಣ್ಣುಮಕ್ಕಳು. ಗಂಡನನ್ನು ಬಿಟ್ಟು ಬಂದಿದ್ದಳು. ಯಾಕೆ ಎಂದು ಇಲ್ಲಿ ಬರೆಯುವುದಿಲ್ಲ, ಬಿಟ್ಟದ್ದು ಒಳ್ಳೆಯದೇ ಆಯಿತು. ಅವಳಿದ್ದ ಬಾಡಿಗೆ ಮನೆಯವರು ಶಾಲೆ ಶುರುವಾಗುವುದರೊಳಗೆ ಖಾಲಿ ಮಾಡಿ ಎಂದರು. ಬೇರೆ ಮನೆ ಕೇಳಲು ಹೋದ ಕಡೆಯೆಲ್ಲ ಯಜಮಾನರು ಎಲ್ಲಿ ಎಂಬ ಪ್ರಶ್ನೆ. ನನ್ನ ಮನೆಗೆ ಬಾ ಎಂದೆ.

"ಒಂದೇ ಒಲೇಲಿ ನೀನೂ ನಾನೂ ಮೂರು ದಿನ ಬಾಳಲ್ಲ ಕಣವ್ವ. ಮೇಲ್ಗಡೆ ಎರಡು ರೂಮು ಎತ್ಸು, ಬತ್ತೀನಿ" ಎಂದಳು.

ಅವಳು ಹೇಳಿದ್ದು ನಿಜವೇ. ನನ್ನ ನಾಲಿಗೆ ಅವಳಿಗೂ ಬಂದಿದೆ. ಎತ್ತಿಸದಿದ್ದರೆ ಆ ಮಕ್ಕಳು ಎಲ್ಲಿಗೆ ಹೋಗಬೇಕು? ಎತ್ತಿಸಬೇಕಾದರೆ ಟೇಪು ಬರಬೇಕು. ಟೇಪು ಬಂದರೆ ಗೋಡೆ ಹೋಗುತ್ತದೆ. ಅಡುಗೆಮನೆಯೇ ಹೋದ ಮೇಲೆ ಮಹಡಿಯನ್ನು ಎಲ್ಲಿ ನಿಲ್ಲಿಸಲಿ? ಎರಡು ವಾರ ಅನ್ನ ಸೇರಲಿಲ್ಲ. ಕೊನೆಗೆ ಅಧ್ಯಕ್ಷರ ಮನೆಗೆ ಹೋಗಿ ಎಲ್ಲ ಹೇಳಿದೆ. ಕಲ್ಲಿನ ವಿಷಯ ಒಂದು ಬಿಟ್ಟು.

ಅವರು ಕಾಲ ಮೇಲೆ ಕಾಲು ಹಾಕಿಕೊಂಡು, "ನಮ್ಮೋರ್ ಮನೆ ಕಣಮ್ಮ. ಮುಂದ್ಗಡೆ ಒಂದ್ಸಲ ಟೇಪು ಇಟ್ಟು ಕಾಗ್ದ ಕೊಟ್ಬುಡ್ತೀವಿ. ಅವನಿಗೆ ನಾನ್ ಹೇಳ್ತೀನಿ" ಎಂದರು. ಆ 'ಅವನಿಗೆ' ಎನ್ನುವ ಮಾತು ಆಗ ನನಗೆ ಹಾಲು ಕುಡಿದಷ್ಟು ಸುಖ ಕೊಟ್ಟಿತು. ಸುಳ್ಳು ಯಾಕೆ ಬರೆಯಲಿ?

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಅಧ್ಯಕ್ಷರು, ಸೆಕ್ರೆಟರಿ, ಬ್ಯಾಂಕಿನಲ್ಲಿದ್ದು ನಿವೃತ್ತರಾದ ಒಬ್ಬ ಸದಸ್ಯರು. ಟೇಪಿನ ತುದಿ ಹಿಡಿಯಲು ಪಕ್ಕದ ಮನೆಯ ಟೀಚರಮ್ಮ. ನಾನು ಮುಂದೆ ಸಾರಿಸಿ ರಂಗೋಲಿ ಬಿಟ್ಟು, ಕುರ್ಚಿ ಹಾಕಿ, ಹಿಂದಿನ ಬಾಗಿಲಿಗೆ ಚಿಲಕ ಹಾಕಿದ್ದೆ. ಮುಂಭಾಗ ಅಳೆದರು. ಸೆಕ್ರೆಟರಿ ಎರಡು ಸಲ ಕೂಗಿ ಬರೆದುಕೊಂಡರು. ಅಧ್ಯಕ್ಷರು ಮುಗಿಯಿತು ಎನ್ನುವಂತೆ ಕುರ್ಚಿಯಲ್ಲಿ ಕೂತರು. ನಾನು ಕಾಫಿ ತರಲು ಒಳಕ್ಕೆ ತಿರುಗಿದೆ. ಅಷ್ಟರಲ್ಲಿ ಸೆಕ್ರೆಟರಿ ಟೇಪು ಸುತ್ತಿಕೊಂಡು ಓಣಿಯ ಕಡೆ ನಡೆದರು.

ಅಲ್ಲೇನಿದೆ ಬನ್ನಿ ಎಂದರು ಅಧ್ಯಕ್ಷರು.

"ಮೂಲೆ ನಾಕು ಅಲ್ವಾ. ಈಗ ಎರಡಾಗವೆ" ಎಂದರು ಸೆಕ್ರೆಟರಿ.

ನಾನು ಓಡಿ ಹೋಗಿ ಓಣಿಗೆ ಅಡ್ಡ ನಿಂತೆ. ಹನ್ನೊಂದು ವರ್ಷದ ಭಯವೆಲ್ಲ ಬಾಯಿಗೆ ಬಂತು. ಬಂದದ್ದು ಭಯದ ರೂಪದಲ್ಲಲ್ಲ.

"ನಮ್ಮತ್ತೆ ಮೇಲಿಂದ ಬುಟ್ಟ ಮುದ್ದೆ ತಿಂದ್ಕೊಂಡು ನಮ್ಮ ಬದುವಿನ ಮೇಲೆ ನಿಂತಿದ್ದೋನು, ಈಗ ನನ್ ಗೋಡೆ ಅಳೀತೀಯೇನ್ಲಾ?"

ಟೀಚರಮ್ಮ ತಲೆ ತಗ್ಗಿಸಿದರು. ಬ್ಯಾಂಕಿನವರು ಆಕಾಶ ನೋಡಿದರು. ಅಧ್ಯಕ್ಷರು ಕೆಮ್ಮಿದರು, ಆದರೆ ಬೇಡ ಎನ್ನಲಿಲ್ಲ.

ಸೆಕ್ರೆಟರಿ ಕೋಪ ಮಾಡಿಕೊಳ್ಳಲಿಲ್ಲ. ನಗಲೂ ಇಲ್ಲ. ಟೇಪಿನ ತುದಿಯನ್ನು ಬೆರಳಿನಲ್ಲಿ ಉಜ್ಜುತ್ತಾ ಹೇಳಿದರು.

"ಊಂ ಕಣಮ್ಮ, ನಿಂತಿದ್ದೆ. ಇಪ್ಪತ್ತು ವರ್ಸ ನಿಂತಿದ್ದೆ. ಅದ್ಕೇ ಆ ಬದು ಎಲ್ಲಿ ತಿರುಗ್ತದೆ ಅಂತ ನಂಗ್ ಗೊತ್ತು. ನಿಂಗ್ ಗೊತ್ತಿಲ್ಲ."

ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು ಅವತ್ತು ನೀನು ಎಂದರು. ನಾನು ಅಂದ ಮಾತಿಗೆ ಅಷ್ಟಾದರೂ ಬೇಕಿತ್ತು.

ಹಾರೆ ಇದೆಯಾ ಎಂದು ಕೇಳಿದರು. ನಾನು ಹೋಗಿ ತಂದುಕೊಟ್ಟೆ. ಯಾಕೆ ತಂದುಕೊಟ್ಟೆನೋ ಗೊತ್ತಿಲ್ಲ. ಅಷ್ಟು ವರ್ಷ ಹೊತ್ತದ್ದು ಸಾಕಾಗಿತ್ತೇನೋ. ಹಿತ್ತಲಿಗೆ ಹೋದವರು ನೇರವಾಗಿ ಕಾಕಡದ ಗಿಡದ ಮುಂದೆ ನಿಂತರು. ಬಚ್ಚಲ ನೀರು ಬೀಳುವ ಕಡೆ ಬಿಟ್ಟು ಈ ಒಣ ಮೂಲೆಯಲ್ಲಿ ಯಾಕೆ ನೆಟ್ಟೆ ಎಂದು ಕೇಳಿದರು. ಬೇರಿಗೆ ಏಟು ಬೀಳದಂತೆ ಮಗ್ಗುಲಲ್ಲಿ ಹಾರೆ ಹಾಕಿದರು. ಎರಡನೇ ಏಟಿಗೆ ಠಣ್ ಎಂದಿತು.

ಬ್ಯಾಂಕಿನವರು ಒಂದು ಕಣ್ಣು ಮುಚ್ಚಿ ಕಲ್ಲಿನಿಂದ ಗೋಡೆಯ ಕಡೆ ನೋಡಿದರು. ಕಲ್ಲು ಇಲ್ಲಿದ್ದರೆ ಗೋಡೆ ಪೂರ್ತಿ ಹೊರಗೇ ಇದೆ, ಅಡುಗೆಮನೆ ಸಮೇತ ತೆಗೆಯಬೇಕಾಗುತ್ತದೆ ಎಂದರು. ನಾನು ಆ ಗೋಡೆಗೇ ಒರಗಿ ನಿಂತೆ. ಅಧ್ಯಕ್ಷರು ತಗ್ಗಿದ ದನಿಯಲ್ಲಿ, ಮಣ್ಣು ಎಳೆದುಬಿಡಿ, ನಾವ್ಯಾರೂ ನೋಡಿಲ್ಲ ಎಂದರು.

ಸೆಕ್ರೆಟರಿ ಇಬ್ಬರ ಮಾತೂ ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟರು. ಹಿಂದಿನಿಂದ ಮುಂದಕ್ಕೆ ಓಣಿಯಲ್ಲಿ ಹೆಜ್ಜೆಗೆ ಹೆಜ್ಜೆ ತಾಗಿಸಿಕೊಂಡು ನಡೆದರು. ಗೋಡೆಯನ್ನು ನೋಡುತ್ತಿರಲಿಲ್ಲ, ನೆಲವನ್ನು ನೋಡುತ್ತಿದ್ದರು. ಅಲ್ಲಿ ನೀರು ಹರಿಯುತ್ತಿದೆ, ಅದು ತಮಗೊಬ್ಬರಿಗೇ ಕಾಣುತ್ತಿದೆ ಎನ್ನುವ ಹಾಗೆ. ಬಚ್ಚಲು ಮುಗಿದು ಅಡುಗೆಮನೆ ಶುರುವಾಗುವಲ್ಲಿ ನಿಂತರು.

"ತೂಬು ಇದ್ದಿದ್ದು ಹಿಂದ್ಗಡೆ ಮೂಲೇಲಿ. ನೀರಿನ್ ಹೊಡ್ತಕ್ಕೆ ಕೊಚ್ಕೊಂಡ್ ಹೋಗ್ದಂಗೆ ಬದುವ ಇಲ್ಲಿಂದ ಹೊರಕ್ ತಿರುಗ್ಸಿದ್ರು ನಿಮ್ಮಾವ. ಇಲ್ಲಿಂದ ಮುಂದಕ್ಕೆಲ್ಲ ನೆಟ್ಟಗದೆ. ಮುಂದಿನ್ ಕಲ್ಲು ನೋಡಾಣ ಬನ್ನಿ."

ಮುಂದೆ ಒಂದು ಕಲ್ಲಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ರಸ್ತೆಯ ಚರಂಡಿ ಮಾಡಿದಾಗ ಅದು ಚಪ್ಪಡಿಯ ಕೆಳಗೆ ಹೋಗಿತ್ತು. ಬ್ಯಾಂಕಿನವರೂ ಅವರೂ ಸೇರಿ ಚಪ್ಪಡಿ ಎತ್ತಿದರು. ಕೆಸರಿನಲ್ಲಿ ಕಲ್ಲಿನ ತಲೆ ಕಂಡಿತು. ಆ ಕಲ್ಲಿನಿಂದ ಹಿತ್ತಲ ಕಲ್ಲಿಗೆ ದಾರ ಕಟ್ಟಿದರು. ದಾರ ಬಿಗಿಯಾಗಿ ನಿಂತ ಮೇಲೆ ನಾನು ಕಣ್ಣು ಬಿಟ್ಟು ನೋಡಿದೆ. ಕೋಣೆಯ ಗೋಡೆ ದಾರದ ಒಳಗೇ ಇತ್ತು. ಅಡುಗೆಮನೆಯ ಗೋಡೆಗೂ ದಾರಕ್ಕೂ ನಡುವೆ ನಾಲ್ಕು ಬೆರಳು ಆಡುವಷ್ಟು ಜಾಗವಿತ್ತು. ಬದುವಿನ ಜೊತೆ ಹೊರಕ್ಕೆ ತಿರುಗಿದ್ದು ಬಚ್ಚಲು ಒಂದೇ.

ಟೀಚರಮ್ಮ ಟೇಪಿನ ತುದಿ ಹಿಡಿದರು. ಸೆಕ್ರೆಟರಿ ಕೂಗಿದರು, "ಬಚ್ಚಲು ಮಾತ್ರ, ಎರಡಡಿ ಮೂರಂಗುಲ. ಬಚ್ಚಲು ಮಾತ್ರ, ಎರಡಡಿ ಮೂರಂಗುಲ." ಬೀದಿಗೆಲ್ಲ ಕೇಳಿಸಿತು. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಮಾತನ್ನು ಯಾರೂ ನನ್ನ ಮನೆಯ ಬಗ್ಗೆ ಅಂದಿರಲಿಲ್ಲ. ಅಲ್ಲೇ ಓಣಿಯ ನೆಲದಲ್ಲಿ ಕೂತುಬಿಟ್ಟೆ. ಎದೆಯ ಮೇಲಿನ ಬೀಸುವ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು. ಹನ್ನೊಂದು ವರ್ಷ ನಾನು ಹೆದರಿದ್ದು ಇಡೀ ಮನೆಗೆ. ತಪ್ಪು ಇದ್ದದ್ದು ಒಂದು ಬಚ್ಚಲಿನಷ್ಟು. ಒಂದು ದಿನ ಟೇಪು ಇಡಲು ಬಿಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಬಚ್ಚಲು ತಾನೇ, ಇರಲಿ ಬಿಡಿ, ಸರಿಯಾಗಿದೆ ಎಂದು ಬರೆಯಿರಿ ಎಂದರು ಅಧ್ಯಕ್ಷರು. ಸೆಕ್ರೆಟರಿ ತಾವು ತಂದಿದ್ದ ಡಬ್ಬಿಯಿಂದ ಬಣ್ಣ ತೆಗೆದು ಬಚ್ಚಲ ಗೋಡೆಗೆ ಕೆಂಪು ಗೆರೆ ಎಳೆದರು. ಮಳೆ ಬಂದಾಗ ಓಣಿಯ ನೀರು ಇದಕ್ಕೆ ಬಡಿದು ಪಕ್ಕದವರ ಹಿತ್ತಲಿಗೆ ನುಗ್ಗುತ್ತದೆ ಎಂದು ತೋರಿಸಿದರು. ಟೀಚರಮ್ಮನ ಮನೆ ಹಿಂದೆ ಮಳೆಗಾಲವೆಲ್ಲ ನೀರು ನಿಲ್ಲುತ್ತಿತ್ತು. ರಸ್ತೆಯ ವಾಟ ಸರಿಯಿಲ್ಲ ಎಂದೇ ನಾನು ತಿಳಿದಿದ್ದೆ. ಗೊತ್ತಿದ್ದರೆ ಹೇಳಬಾರದಿತ್ತೇ ಎಂದು ಟೀಚರಮ್ಮನನ್ನು ಕೇಳಿದೆ. "ಹೇಳಿದ್ರೆ ಬಯ್ತಿದ್ರಿ" ಎಂದರು. ಅದೂ ನಿಜವೇ.

ಆಮೇಲೆ ಸೆಕ್ರೆಟರಿ ಪುಸ್ತಕ ಬಿಡಿಸಿ, ನನ್ನ ಮುಖ ನೋಡಿ ಕೇಳಿದರು.

"ಕಲ್ಲು ಕಂಡಿತ್ತಾ ನಿಂಗೆ?"

ಅಧ್ಯಕ್ಷರು ಇಲ್ಲ ಎನ್ನು ಎಂದು ಕಣ್ಣಿನಲ್ಲೇ ಹೇಳುತ್ತಿದ್ದರು.

"ಕಂಡಿತ್ತು. ಮುಚ್ಚಿದ್ದೂ ನಾನೇ" ಎಂದೆ.

ಅವರು ಅದನ್ನೂ ಬರೆದುಕೊಂಡು ಓದಿ ಹೇಳಿದರು. ಮೊದಲು ಗೋಡೆಯನ್ನು ಬದುವಿನಿಂದ ಅಳೆದದ್ದು, ಆಮೇಲೆ ಕಲ್ಲು ಕಂಡು ಮುಚ್ಚಿದ್ದು, ಈಗ ಕೇಳಿದಾಗ ಒಪ್ಪಿದ್ದು. ಬಚ್ಚಲು ತೆಗೆದ ಮೇಲೆ ಮಹಡಿಗೆ ಕಾಗದ. ನಾನು ಓದಿದ್ದು ಮೂರನೇ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದೆ. ಅವರು ಅವಸರ ಮಾಡದೆ ಪುಸ್ತಕ ಹಿಡಿದುಕೊಂಡು ನಿಂತಿದ್ದರು. ನಾನು ಅಂದ ಆ ಕೆಟ್ಟ ಮಾತು ಬರೆದುಕೊಳ್ಳಲಿಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಕಾಫಿ ತಂದೆ. ಬೇಡ ಎಂದರು. ನನ್ನ ಮುಖ ಹೇಗಾಯಿತೋ, "ಅಳಿಯೋ ಮನೇಲಿ ಕುಡಿಯಲ್ಲ ಕಣಮ್ಮ. ಕಾಗ್ದ ಕೊಡೋವತ್ತು ಬತ್ತೀನಿ, ಆಗ ಕೊಡು" ಎಂದರು.

ಬುಧವಾರ ಬಚ್ಚಲು ಹೋಯಿತು. ಗುರುವಾರ ಅವರೇ ಕಾಗದ ತಂದುಕೊಟ್ಟು, ಕುರ್ಚಿಯಲ್ಲಿ ಕೂತು ಕಾಫಿ ಕುಡಿದರು. ನಮ್ಮ ಮನೆಯವರು ಕುಡಿಯುವ ಲೋಟದಲ್ಲೇ ಕೊಟ್ಟೆ, ಕೈಗೇ ಕೊಟ್ಟೆ. ಅದನ್ನು ದೊಡ್ಡ ವಿಷಯ ಎಂದು ಬರೆಯುತ್ತಿಲ್ಲ. ಐವತ್ತೇಳು ವರ್ಷಕ್ಕೆ ಕಲಿತದ್ದನ್ನು ಹೇಳಿಕೊಂಡು ತಿರುಗುವಂಥದ್ದೇನಿಲ್ಲ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕಾಗಿತ್ತು, ಅದನ್ನು ಹೇಳಲಿಲ್ಲ. ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳಿದೆ.

ಶಾಲೆ ಶುರುವಾಗುವುದಕ್ಕೆ ಆರು ದಿನ ಮುಂಚೆ ಮಗಳು ಮಕ್ಕಳನ್ನು ಕರೆದುಕೊಂಡು ಮಹಡಿಗೆ ಬಂದಳು. ಗೋಡೆಗಳು ಇನ್ನೂ ಒದ್ದೆಯಾಗಿದ್ದವು. ಬೇರೆ ಒಲೆ, ಬೇರೆ ಮೆಟ್ಟಿಲು. ಮೆಟ್ಟಿಲು ಒಳಗಡೆಯೇ. ಆ ಮಳೆಗಾಲದಲ್ಲಿ ಟೀಚರಮ್ಮನ ಹಿತ್ತಲಲ್ಲಿ ನೀರು ನಿಲ್ಲಲಿಲ್ಲ. ಅಡುಗೆಮನೆಗೆ ಹೊಸ ಕಿಟಕಿ ಹಾಕಿಸಿದೆ. ಸೆಕ್ರೆಟರಿ ಬೆಳಿಗ್ಗೆ ಸುತ್ತು ಹಾಕಲು ಬಂದಾಗ ಆ ಕಿಟಕಿಯಿಂದಲೇ, ಏನ್ ಸೆಕ್ರೆಟ್ರಿ, ಇವತ್ತು ಯಾರ್ ಮನೆ ಕೆಡವ್ತೀರಿ ಎಂದು ಕೇಳುತ್ತಿದ್ದೆ. ನಿಂದಂತೂ ಆಯ್ತಲ್ಲ ಎನ್ನುತ್ತಿದ್ದರು. ನಾನು ನೀವು ಎನ್ನುವುದಕ್ಕೆ ಶುರುಮಾಡಿದೆ. ಅವರು ನೀನು ಎನ್ನುವುದನ್ನು ಬಿಡಲಿಲ್ಲ. ಹೀಗೆ ಹದಿಮೂರು ಹದಿನಾಲ್ಕು ವರ್ಷ...

ಆಮೇಲೆ ಅವರ ಹೆಂಡತಿ ತೀರಿಕೊಂಡರು. ಕಣ್ಣಿಗೆ ಪೊರೆ ಬಂತು. ಅಂಗುಲ ಕಾಣುವುದಿಲ್ಲ, ಕಾಣದೆ ಕೂಗಬಾರದು ಎಂದು ಪುಸ್ತಕ ಒಪ್ಪಿಸಿ, ಮಳವಳ್ಳಿಯ ಆಚೆ ಒಂದು ಹಳ್ಳಿಯಲ್ಲಿದ್ದ ಮಗಳ ಮನೆಗೆ ಹೋದರು. ಹೋಗುವ ದಿನ ನಾನು ಮದ್ದೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಬಂದ ಮೇಲೆ ಅವರ ಮನೆಗೆ ಬೀಗ ಬಿದ್ದದ್ದು ನೋಡಿದೆ. ಒಂದು ಸಲ ಬಸ್ಸು ಹತ್ತಿ ನೋಡಿಕೊಂಡು ಬರಬೇಕು ಎಂದುಕೊಂಡೆ. ನಾಲ್ಕು ವರ್ಷ ಎಂದುಕೊಂಡೆ.

ಈಗಿನ ಕಮಿಟಿ ಮೊಬೈಲಿನಲ್ಲಿದೆ. ಯಾರೋ ಗೋಡೆ ಮುಂದಕ್ಕೆ ತಂದರು ಎಂದು ಒಬ್ಬರು ಫೋಟೋ ಹಾಕುತ್ತಾರೆ, ಇನ್ನೊಬ್ಬರು ಕೈಮುಗಿಯುವ ಚಿತ್ರ ಹಾಕುತ್ತಾರೆ. ಗೋಡೆ ಅಲ್ಲೇ ಇರುತ್ತದೆ. ಕೆಟ್ಟವರಲ್ಲ, ಕೆಲಸಕ್ಕೆ ಹೋಗುವವರು. ಪುರುಸೊತ್ತಿಲ್ಲ.

ನನಗೆ ಎಪ್ಪತ್ತೈದು ಆಯಿತು. ಮೊಣಕಾಲು ಮಡಚುವುದಿಲ್ಲ. ಗೇಟಿನ ಹತ್ತಿರ ಎರಡು ಮೆಟ್ಟಿಲು ತೆಗೆಸಿ ಇಳಿಜಾರು ಹಾಕಿಸಬೇಕು. ಎದುರು ಮನೆಯ ಬಚ್ಚಲು ಒಡೆದ ದಿನವೇ ಸಂಜೆ ಹೊಸ ಸೆಕ್ರೆಟರಿ ಗೇಟಿನ ಮುಂದೆ ಸಿಕ್ಕಿದ. ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ, ಮೊಮ್ಮಕ್ಕಳ ವಯಸ್ಸಿನವನು. ಅರ್ಜಿ ಯಾವಾಗ ಕೊಡಲಿ ಎಂದು ಕೇಳಿದೆ.

"ಅರ್ಜಿಗಿರ್ಜಿ ಯಾಕಜ್ಜಿ. ರಸ್ತೆವರ್ಗೂ ಇಳಿಸ್ಕೊಳಿ, ಯಾರ್ ಕೇಳ್ತಾರೆ" ಎಂದ. ಬೈಕು ಚಾಲೂ ಮಾಡಿದವನು ಏನೋ ನೆನಪಾದಂತೆ ಆರಿಸಿ ಹೇಳಿದ. ಹಳೇ ಸೆಕ್ರೆಟರಿ ಹೋದರಂತೆ. ಹತ್ತು ದಿನವಾಯಿತಂತೆ. ಗುಂಪಿನಲ್ಲಿ ಹಾಕಿದ್ದೆ, ನೀವು ನೋಡಲಿಲ್ಲವಾ ಎಂದ.

ನಾನು ಆ ಗುಂಪಿನಲ್ಲಿಲ್ಲ.

ಅಳಲಿಲ್ಲ. ಅಳುವುದು ನನಗೆ ಬರುವುದಿಲ್ಲ, ಬಂದಿದ್ದರೆ ಎಷ್ಟೋ ಕಡೆ ಬಾಯಿ ಕೆಡುತ್ತಿರಲಿಲ್ಲ. ಮೇಲೆ ಮೊಮ್ಮಗಳು ಕುಕ್ಕರ್ ಕೂಗಿಸುತ್ತಿದ್ದಳು. ಆ ಎರಡು ಕೋಣೆ ನಿಂತಿರುವುದು ನ್ಯಾಯವಾದ ಗೋಡೆಗಳ ಮೇಲೆ. ಯಾರು ಬಂದು ಯಾವ ಮೂಲೆಯಿಂದ ಅಳೆದರೂ ನನಗೆ ಎದೆ ಹೊಡೆದುಕೊಳ್ಳುವುದಿಲ್ಲ. ಇಷ್ಟನ್ನು ಕೊಟ್ಟವರಿಗೆ ಹೇಳಬೇಕಾದ ಒಂದು ಮಾತು ಬಾಕಿ ಉಳಿಯಿತು. ಇನ್ನು ಅದನ್ನು ಕೇಳಲು ಅವರಿಲ್ಲ.

ಮಾರನೇ ದಿನ ಬೆಳಿಗ್ಗೆ ಮೊಮ್ಮಗಳ ಹಳೇ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ನಾನೇ ಎರಡು ಸಾಲು ಅರ್ಜಿ ಬರೆದೆ. ಕೋಲು ಊರಿಕೊಂಡು ಹೊಸ ಸೆಕ್ರೆಟರಿಯ ಮನೆಗೆ ಹೋಗಿ ಅವನ ಕೈಗೆ ಕೊಟ್ಟು, ಬಂದು ಅಳೆದುಕೊಡು ಎಂದೆ. ಅವನು ತಲೆ ಕೆರೆದುಕೊಂಡ. ಟೇಪು ಯಾರ ಹತ್ತಿರ ಇದೆಯೋ ಗೊತ್ತಿಲ್ಲ ಅಜ್ಜಿ ಎಂದ. ಹಾರ್ಡ್‌ವೇರ್ ಅಂಗಡಿ ಒಂಬತ್ತಕ್ಕೆ ತೆಗೆಯುತ್ತಾರೆ, ಒಂದು ತಗೊಂಡು ಬಾ ಎಂದೆ. ಅವನ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತೆ.